ಪ್ರಶ್ನೆ ಮಾತ್ರ ಕಲಿತಿದ್ದೆ

೧೪ ಮಾರ್ಚ್, ಗುರುವಾರ

ನನ್ನ ಮುದ್ದು ಅಕ್ಕನಿಗೆ,

ಸಾವಿರ ಮುತ್ತುಗಳು. ಫೋನ್ ಇರುವಾಗ ಕಾಗದ ಏಕೆಂದು ಹುಬ್ಬೇರಿಸಬೇಡ, ಕಾರಣ ಕೊನೆಗೆ ಹೇಳುತ್ತೇನೆ. ತಡವಾದದ್ದು ನಾಚಿಕೆಯಿಂದ. ಇಂಗ್ಲಿಷ್ ಮೀಡಿಯಂನವಳ ಒತ್ತಕ್ಷರಗಳನ್ನು ನೀನೇ ತಿದ್ದಿಕೊಂಡು ಓದು.

ಇವರು ಚೆನ್ನಾಗಿದ್ದಾರೆ. ಎಷ್ಟೆಂದರೆ, ಹಲ್ಲುಜ್ಜುವಾಗಲೂ ನೋಡುತ್ತ ಕೂರೋಣ ಎನಿಸುತ್ತದೆ. ನಗಬೇಡ. ಮನೆ ಎರಡೇ ಕೋಣೆ. ಕಿಟಕಿ ತೆಗೆದರೆ ಕೆಳಗಿನ ಹೊಲಿಗೆ ಅಂಗಡಿಯ ಮಿಷನ್ ಸದ್ದು.

ಇಲ್ಲಿ ಅಕ್ಕಪಕ್ಕದವರೆಲ್ಲ ಅರಬ್ಬಿ ಮಾತಾಡುತ್ತಾರೆ. ಇವರು ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಕೆಲಸದಲ್ಲಿ ಕಲಿತದ್ದನ್ನು ನನಗೂ ಕಲಿಸಿದರು, ಬರೀ ಪ್ರಶ್ನೆಗಳನ್ನು. ‘ಏನು’ ಎನ್ನಲು ಪುಸ್ತಕದಲ್ಲಿ ‘ಮಾಧಾ’. ಬರುವ ರೋಗಿಗಳಲ್ಲಿ ಒಬ್ಬರು ‘ಶೂ’ ಎಂದರೆ ಇನ್ನೊಬ್ಬರು ‘ಏಹ್’, ಮತ್ತೊಬ್ಬರು ‘ಶಿನು’. ‘ಎಲ್ಲಿ’ ಎನ್ನಲು ಪುಸ್ತಕದ ‘ಐನ’ ಬಿಟ್ಟು ಕೆಲವರಿಗೆ ‘ವೇನ್’, ಕೆಲವರಿಗೆ ‘ಫೇನ್’. ಉತ್ತರ ಹೇಗೆ ಅರ್ಥವಾಗುತ್ತದೆ ಎಂದು ಕೇಳಿದ್ದಕ್ಕೆ ಇವರು, “ನೋವು ಎಲ್ಲಿ ಅಂದ್ರೆ ಜನ ಬೆರಳಿಟ್ಟು ತೋರಿಸ್ತಾರೆ ಕಣೇ, ಅಷ್ಟು ಸಾಕು ನಂಗೆ” ಎಂದರು. ನನಗೂ ಸಾಕೆನಿಸಿತು. ಪಾತ್ರೆ ತೊಳೆಯುತ್ತ ಹಾಡಿನಂತೆ ಬಾಯಿಪಾಠ ಮಾಡಿದೆ.

ಹೊಲಿಗೆಯಾಕೆ ‘ಶೂ’, ‘ವೇನ್’ ಎನ್ನುವ ಕಡೆಯವರು. ಪರದೆಯ ಅಂಚು ಹೊಲಿಯಲು ಕೊಡುವ ನೆಪದಲ್ಲಿ ಕಲಿತದ್ದನ್ನೆಲ್ಲ ಅವರ ಮೇಲೆ ಸುರಿದೆ. ಹೆಸರೇನು, ಊರೆಲ್ಲಿ, ಇದೇನು, ಅದೇನು. ಅವರಿಗೂ ಖುಷಿಯೋ ಖುಷಿ. ಗೋಡೆಯ ಮೇಲೆ ಎರಡು ಜಡೆಯ ಹುಡುಗಿಯ ಫೋಟೋ ಇತ್ತು. “ವೇನ್ ಬಿನ್ತಿಕ್?” ಎಂದೆ, ನಿಮ್ಮ ಮಗಳೆಲ್ಲಿ ಎಂದು. ಅವರು ಮಿಷನ್ ನಿಲ್ಲಿಸಿ ಏನೋ ಹೇಳಿ, ಅಂಗೈಯನ್ನು ನೆಲದ ಕಡೆ ಇಳಿಸಿದರು. ಇಷ್ಟು ಪುಟ್ಟವಳೇ ಎಂದುಕೊಂಡು ಚಪ್ಪಾಳೆ ತಟ್ಟಿ ನಕ್ಕೆ ಅಕ್ಕ. ಪಾಠ ಇನ್ನೂ ಉಳಿದಿತ್ತಲ್ಲ, “ಏಮ್ತಾ?” ಎಂದೂ ಕೇಳಿದೆ. ಯಾವಾಗ ಬರುತ್ತಾಳೆ ಎನ್ನುವ ಅರ್ಥದಲ್ಲಿ.

ಅಳತೆ ಕೊಡಲು ಬಂದಿದ್ದ ನರ್ಸ್ ಒಬ್ಬರು ನನ್ನ ಮೊಣಕೈ ಹಿಡಿದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: “ಆ ಮಗು ತೀರಿಹೋಗಿದೆ ಕಣಮ್ಮ. ಮಣ್ಣಲ್ಲಿದಾಳೆ ಅಂತ ತೋರಿಸ್ತಿದಾರೆ.”

ಹೊಲಿಗೆಯಾಕೆ ಬೈಯಲಿಲ್ಲ. ಪರದೆಯನ್ನು ನೀಟಾಗಿ ಮಡಿಸಿ ಕೊಟ್ಟರು. ಕ್ಷಮಿಸಿ ಎನ್ನಲು ನನ್ನ ಬಳಿ ಒಂದು ಪದವೂ ಇರಲಿಲ್ಲ. ಬಾಯಲ್ಲಿದ್ದುದೆಲ್ಲ ಏನು, ಎಲ್ಲಿ, ಯಾಕೆ. ಮನೆಗೆ ಬಂದು ಇವರಿಗೆ ಹೇಳಿದರೆ ತಲೆ ತಗ್ಗಿಸಿ, ತಪ್ಪು ತಮ್ಮದೂ ಇದೆ ಎಂದರು. ಅದರಿಂದ ನನ್ನ ಮುಖದ ಉರಿ ಆರಲಿಲ್ಲ. ಆಮೇಲೆ ಹಿಂದಿನ ಬಾಗಿಲಿನಿಂದಲೇ ಓಡಾಡಿದೆ, ಕಳ್ಳಿಯ ಹಾಗೆ.

ನಿನ್ನೆ ಧೈರ್ಯ ಮಾಡಿ ಅಂಗಡಿಗೆ ಹೋದೆ. ಫೋಟೋದ ಮುಂದೆ ನಿಂತೆ, ಏನೂ ಕೇಳಲಿಲ್ಲ. ಅವರು ಸ್ಟೂಲ್ ಎಳೆದು ಕೂರಿಸಿ, ಗುಂಡಿ ಹಚ್ಚುತ್ತ ಬಹಳ ಹೊತ್ತು ಮಾತಾಡಿದರು. ಅಲ್ಲೊಂದು ಇಲ್ಲೊಂದು ಪದ ಬಿಟ್ಟರೆ ನನಗೇನೂ ತಿಳಿಯಲಿಲ್ಲ. ಎದ್ದು ಬರಲೂ ಇಲ್ಲ.

ಪಾಪುವಿನ ಎರಡೂ ಕೆನ್ನೆಗೆ ಚಿಕ್ಕಮ್ಮನ ಮುತ್ತು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈ ಯಾವಾಗಲೂ ನನ್ನ ತಲೆಯ ಮೇಲಿರಲಿ.

ನಿನ್ನ ಬಾಯಿಬಡಕಿ
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗದೆ ಇಲ್ಲಿಯವರೆಗೆ ತಳ್ಳಿದ್ದು. ಕಳೆದ ಸಲ ಫೋನಿನಲ್ಲಿ ಭಾವ ಹೇಗಿದ್ದಾರೆ ಎಂದೆ. “ಅವರು ಈಗ ನಮ್ಮ ಜೊತೆ ಇಲ್ಲ ಕಣೇ, ಬೇರೆ ಮನೆ ಮಾಡಿದಾರೆ” ಎಂದೆ ನೀನು. ನಾನು ‘ಸರಿ ಸರಿ, ಇದನ್ನ ಕೇಳು’ ಎಂದು ನಿನಗೆ ಶೂ, ವೇನ್, ಏಮ್ತಾ ಎಲ್ಲ ಒಪ್ಪಿಸಿದೆ. ನೀನು ಕೊನೆಯವರೆಗೂ ಕೇಳಿ, ಚೆನ್ನಾಗಿ ಹೇಳ್ತೀಯ ಎಂದೆ. ಅಕ್ಕ, ನೀನು ಉತ್ತರ ಕೊಟ್ಟದ್ದು ಕನ್ನಡದಲ್ಲಿ. ಫೋನ್ ಮಾಡಿದರೆ ಮತ್ತೆ ನಾನೇ ಮಾತಾಡಿಬಿಡುತ್ತೇನೆಂದು ಈ ಕಾಗದ. ತಲುಪಿದ ಮೇಲೆ ನೀನೇ ಫೋನ್ ಮಾಡು. ನಾನು ಹಲೋ ಎಂದು ಸುಮ್ಮನಿರುತ್ತೇನೆ.