ಅವ್ವನ ಬೆನ್ನಿನ ಐದು ಚರೆ

ನ. 12, 2003. ಬೆಳಿಗ್ಗೆ 7.10

ಇವತ್ತು ಸಿ ಪ್ಲಸ್ ಪ್ಲಸ್ ಬ್ಯಾಚಿಗೆ ಎನ್‌ಕ್ಯಾಪ್ಸುಲೇಶನ್ ಪಾಠ ಮಾಡಬೇಕು. ಸಕಲೇಶಪುರದ ನಮ್ಮ ಸೆಂಟರಿನಲ್ಲಿ ಮೂರೇ ಕಂಪ್ಯೂಟರ್, ಹದಿನಾಲ್ಕು ಮಂದಿ. ಡೇಟಾ ಒಳಗಿಟ್ಟು, ಹೊರಗಿನವರಿಗೆ ಬೇಕಾದಷ್ಟೇ ತೋರಿಸುವುದು — ಇಷ್ಟು ಹೇಳಿದರೆ ಸಾಕೇ? ಬಚ್ಚಿಡೋದು ಯಾಕೆ ಮಿಸ್ ಎಂದು ಮುಂದಿನ ಬೆಂಚಿನ ನೂರೀನ್ ಕೇಳಿಯೇ ಕೇಳುತ್ತಾಳೆ.

ಕಾಫಿ ಕೊಯ್ಯುವಾಗ ಜಾರಿ ಬಿದ್ದ ಅವ್ವನ ಹೆಗಲು ಇನ್ನೂ ವಾಸಿಯಾಗಿಲ್ಲ. ಎಕ್ಸ್‌ರೇ ಬೇಡವೆಂದು ಹಟ. ನಾಳೆ ಎಳೆದುಕೊಂಡಾದರೂ ಹೋಗಬೇಕು.

ನ. 13. ಸಂಜೆ

ಎಕ್ಸ್‌ರೇ ತೆಗೆಸಿದೆ.

ಮೂಳೆ ಸರಿಯಿದೆ. ಆದರೆ ಬಲ ಹೆಗಲ ಕೆಳಗೆ ಐದು ಬಿಳಿ ಚುಕ್ಕಿ. ಫಿಲ್ಮಿನ ಕೊಳೆ ಅಂದುಕೊಂಡೆ. ಡಾಕ್ಟರ್ ಬೆಳಕಿಗೆ ಹಿಡಿದು, ಬಂದೂಕಿನ ಚರೆ, ಸೀಸದ ಸಣ್ಣ ಗುಂಡು, ಎಂದರು. ಬಹಳ ಹಳೆಯವು. ಮೈ ಒಂದೊಂದರ ಸುತ್ತಲೂ ಗಟ್ಟಿ ಪೊರೆ ಕಟ್ಟಿಕೊಂಡಿದೆಯಂತೆ. ಎನ್‌ಕ್ಯಾಪ್ಸುಲೇಟ್ ಆಗಿವೆ, ತೆಗೆಯುವುದು ಬೇಡ... ಅದೇ ಪದ. ನಿನ್ನೆ ಬೋರ್ಡಿನ ಮೇಲೆ ನಾನೇ ಬರೆದದ್ದು.

ಯಾರು ಹೊಡೆದದ್ದು ಎಂದು ಕೇಳಿದರು. ಅವ್ವ ಸೆರಗು ಹೊದ್ದು, ಬಾಳ್ಳುಪೇಟೆ ಬಸ್ಸಿಗೆ ಹೊತ್ತಾಯಿತು ಎಂದಳು.

ಮನೆಯಲ್ಲಿ ಬಂದೂಕು ಇದ್ದದ್ದು ಅಪ್ಪನ ಬಳಿ ಮಾತ್ರ. ತೋಟಕ್ಕೆ ನುಗ್ಗುವ ಕಾಡುಹಂದಿ ಓಡಿಸಲು. ನಾನು ಚಿಕ್ಕವಳಿದ್ದಾಗಲೇ ಠಾಣೆಗೆ ಒಪ್ಪಿಸಿಬಿಟ್ಟನಂತೆ. ಯಾಕೆಂದು ಕೇಳಿರಲಿಲ್ಲ.

ಅಪ್ಪ?

ನ. 14

ಅಪ್ಪನ ಫೋಟೋ ಗೋಡೆಯಿಂದ ಇಳಿಸಿದೆ. ಸತ್ತು ಆರು ವರ್ಷ. ದಿನಾ ಹೂವಿಟ್ಟ ಕೈ ನನ್ನದೇ.

ನ. 19

ಬರೆಯಲಾಗಲಿಲ್ಲ.

ಫೋಟೋ ಇಳಿಸಿದ್ದು ಕಂಡು ಅವತ್ತು ಅವ್ವ ಒಲೆ ಮುಂದಿನಿಂದ ಎದ್ದು ಬಂದಳು. ಅಪ್ಪನೇ ಹೊಡೆದದ್ದು ತಾನೇ ಎಂದೆ. ಫೋಟೋ ಕಿತ್ತುಕೊಂಡಳು.

"ಅವ್ರಲ್ಲ ಕಣೇ. ನೀನು."

ನನಗೆ ಆಗ ನಾಲ್ಕು ವರ್ಷ. ತುಂಬಿದ ಬಂದೂಕು ಜಗಲಿಯ ಮೇಲಿಟ್ಟು ಅಪ್ಪ ನೀರು ಕುಡಿಯಲು ಒಳಗೆ ಹೋಗಿದ್ದ. ಅವ್ವ ಅಂಗಳದಲ್ಲಿ ಬೆನ್ನು ಮಾಡಿ ಕಾಫಿ ಹರಡುತ್ತಿದ್ದಳು. ಸೂಲಗಿತ್ತಿ ಇಂದ್ರಮ್ಮ ಕೈಗೆ ಸಿಕ್ಕ ಚರೆಗಳನ್ನಷ್ಟೇ ತೆಗೆದಳು. ಊರಿಗೆ, ಬೇಲಿ ಮುಳ್ಳಿನ ಮೇಲೆ ಬಿದ್ದಳೆಂದು ಹೇಳಿದರು. ಮೂವರೂ ಮತ್ತೆ ಬಾಯಿ ಬಿಡಲಿಲ್ಲ. ಇಪ್ಪತ್ತೈದು ವರ್ಷ.

ನನಗೆ ಸದ್ದೂ ನೆನಪಿಲ್ಲ. ಅದು ಹೇಗೆ ನೆನಪಿಲ್ಲ?

ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ನೀನು ನನ್ ಹತ್ರ ಬರಕ್ಕೇ ಹೆದ್ರುತಿದ್ದೆ. ನಿಮ್ಮಪ್ಪ, ತಪ್ಪು ನಂದು, ಮಗೀಗೆ ಗೊತ್ತಾಗ್ಬಾರ್ದು ಅಂತ ಆಣೆ ಇಡಿಸ್ಕೊಂಡ್ಬುಟ್ರು."

ನ. 21. ಸಂಜೆ 6

ಡಾಕ್ಟರ್ ಬರೆದ ಮುಲಾಮು ತಂದೆ. ಮೊದಲ ಸಲ ಅವ್ವ ರವಿಕೆ ಸರಿಸಿ ಬೆನ್ನು ಕೊಟ್ಟಳು. ಬೆರಳಿಗೆ ಒಂದು ಸಿಕ್ಕಿತು. ಸಾಸಿವೆಗಿಂತ ದೊಡ್ಡದು, ಗಟ್ಟಿ. ಕೈ ಹಿಂದೆಗೆದೆ.

"ನೋಯಕಿಲ್ಲ, ತಿಕ್ಕು."

ತಿಕ್ಕಿದೆ. ಪಕ್ಕದಲ್ಲೇ ಇನ್ನೊಂದು. ಮೂರನೆಯದನ್ನು ಹುಡುಕಿ, ಐದನೆಯದರವರೆಗೂ ತಿಕ್ಕಿದೆ.