ಅಡಕತ್ತರಿಯಲ್ಲಿ ಅರ್ಧ ಮಾಡಿದ ಗುಳಿಗೆ

ಗದಗ, ಫೆಬ್ರವರಿ ೩೦, ೨೧೭೪

ನನ್ನ ಮರಿಮಕ್ಕಳ ಮಕ್ಕಳಿಗೆ,

ತಾರೀಖು ತಪ್ಪಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿದ್ದಾರೆ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಬಿದ್ದಿರುತ್ತವೆ. ನಿಮ್ಮ ಹೊತ್ತಿಗೆ ಅದೂ ಬದಲಾಗಿರಬಹುದು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಾತು ವಿಚಿತ್ರ ಎನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನಗೂ ನಾದಿನಿ ಕಸ್ತೂರೆವ್ವಳಿಗೂ ಎಲುಬು ಸವೆದಿದೆ ಎಂದು ವರ್ಷಗಟ್ಟಲೆ ಎಲುಬುಸೂಜಿ ಕೊಟ್ಟರು. ಎಲುಬು ಗಟ್ಟಿ ಮಾಡುವ ಇಂಜೆಕ್ಷನ್ನಿಗೆ ಇಲ್ಲಿ ಹಾಗೆನ್ನುತ್ತಾರೆ. ಆಮೇಲೆ ಇಬ್ಬರೂ ಹಲ್ಲು ಕೀಳಿಸಿದೆವು. ಗಾಯ ಮಾಯಲೇ ಇಲ್ಲ; ಆ ಸೂಜಿಯಿಂದಲೇ ಹೀಗೆ ಎಂದರು ಡಾಕ್ಟರು. ದವಡೆಯ ಎಲುಬು ಬೆಳ್ಳಗೆ ಹೊರಗೆ ಕಾಣುತ್ತದೆ. ನನ್ನ ಕೆಳತುಟಿ ಜೋಮು ಹಿಡಿದು ವರ್ಷವಾಯಿತು, ಸಾರು ಸುಟ್ಟರೂ ತಿಳಿಯುವುದಿಲ್ಲ. ಈಗೀಗ ಒಳಗೂ ಹಾಗೇ ಆಗಿದೆ. ಅಳು ಬರುವುದಿಲ್ಲ, ಚಿಂತೆ ಮಾತ್ರ ಬರುತ್ತದೆ.

ದವಡೆ ಕೊಯ್ಯದೆ ಗುಳಿಗೆಯಿಂದಲೇ ವಾಸಿಯಾದೀತೇ ಎಂದು ನಮ್ಮಿಬ್ಬರನ್ನೂ ಸೇರಿಸಿ ನಲವತ್ತು ಜನರ ಮೇಲೆ ಪರೀಕ್ಷೆ ನಡೆಯುತ್ತಿದೆ. ಅರ್ಧ ಜನಕ್ಕೆ ನಿಜವಾದ ಗುಳಿಗೆ, ಅರ್ಧ ಜನಕ್ಕೆ ನೆರಳುಗುಳಿಗೆ, ಅಂದರೆ ನೋಡಲು ಅದೇ ತರಹ, ಒಳಗೆ ಮದ್ದಿಲ್ಲ. ಯಾರಿಗೆ ಯಾವುದೆಂದು ಡಾಕ್ಟರರಿಗೂ ತಿಳಿಯದು. ಡಬ್ಬಿ ತಂದ ದಿನ ಇಬ್ಬರೂ ರೊಟ್ಟಿಯನ್ನು ಸಾರಿನಲ್ಲಿ ನೆನೆಸುತ್ತ ಕುಳಿತಿದ್ದೆವು. ಬಿಸಿಲುಗಂಟೆ ಅದು, ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಹೊರಗೆ ಕಾಲಿಡಬಾರದ ಹೊತ್ತು.

"ವೈನಿ, ಒಬ್ಬಾಕಿಗೆ ಖೊಟ್ಟಿ ಬಂದಿದ್ದರ? ಎರಡೂ ಅರ್ಧಾ ಅರ್ಧಾ ಹಂಚ್ಕೊಳ್ಳೂಣು," ಎಂದಳು ಕಸ್ತೂರೆವ್ವ. "ಅಡಕಿ ಜಗಿಯೂ ಯೋಗಂತೂ ಹೋತು. ಅಡಕತ್ತರಿಗೆ ಇದರ ಕೆಲಸ ಆಗ್ಲಿ."

ಆರು ತಿಂಗಳು ದಿನಾ ಹಾಗೇ ಕತ್ತರಿಸಿ ನುಂಗಿದೆವು. ಅವಳ ಗಾಯ ಮಾಯುತ್ತಿದೆ, ನನ್ನದು ಇಲ್ಲ. ಡಾಕ್ಟರು ಖುಷಿಯಿಂದ ಬರೆದುಕೊಂಡರು. ನಮ್ಮಿಬ್ಬರ ಬಗ್ಗೆ ಬರೆದುಕೊಂಡದ್ದೆಲ್ಲ ಸುಳ್ಳು. ಹೇಳಿದರೆ ಇಬ್ಬರನ್ನೂ ಪರೀಕ್ಷೆಯಿಂದ ತೆಗೆಯುತ್ತಾರೆ, ಗುಳಿಗೆ ನಿಲ್ಲುತ್ತದೆ. "ಸುಮ್ಮನಿರು ವೈನಿ, ನನ್ನ ದವಡಿ ಕೊಯ್ಸಬ್ಯಾಡ," ಎಂದು ಅವಳು ಕೈ ಹಿಡಿದಳು. ಸುಮ್ಮನಿದ್ದರೆ ಆ ಸುಳ್ಳು ನಿಮ್ಮ ದವಡೆಯವರೆಗೆ ಬರುತ್ತದೆ.

ನಾಳೆ ತಪಾಸಣೆ. ಹೇಳಬೇಕೆಂದಿದ್ದೇನೆ; ನನ್ನ ಧೈರ್ಯದ ಮೇಲೆ ನನಗೇ ನಂಬಿಕೆ ಸಾಲದು. ಎಲುಬುಸೂಜಿ ಚುಚ್ಚಿಸುವ ಮೊದಲು ಹಲ್ಲು ತೋರಿಸಿಕೊಳ್ಳಿ. ಮುಂದೆ ಈ ಗುಳಿಗೆ ನಿಮ್ಮ ಕೈಗೆ ಬಂದರೆ ನಮ್ಮ ಪರೀಕ್ಷೆಯ ವರದಿ ತರಿಸಿ ನೋಡಿ. ನಲವತ್ತು ಜನ ಎಂದಿದ್ದರೆ ನಾನು ಹೇಳಲಿಲ್ಲ, ನಂಬಬೇಡಿ. ಮೂವತ್ತೆಂಟು ಎಂದಿದ್ದರೆ, ಮುರಿಯದೆ ಇಡಿಯಾಗಿ ನುಂಗಿ.

ನಿಮ್ಮ,
ಬಸಲಿಂಗವ್ವ