ಕೆನ್ಯಾ ಪರ್ವತದ ನಲವತ್ತು ಚಿತ್ರಗಳು

ಯಲಬುರ್ಗಾ,
೧೪ ಫೆಬ್ರವರಿ ೧೯೪೬

ಚಿ. ಸೌ. ಕಳಕಮ್ಮನಿಗೆ ನಿನ್ನ ಅಪ್ಪನ ಮನಸಾರೆ ಆಶೀರ್ವಾದ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ತಡವಾದದ್ದಕ್ಕೆ ಕೋಪ ಮಾಡಿಕೊಳ್ಳಬೇಡ, ತಾಯಿ. ಎರಡು ಸಲ ಬರೆದು ಹರಿದು ಹಾಕಿದೆ. ನಿಮ್ಮವ್ವನ ಮೊಣಕಾಲು ನೋವು ಈಗ ಕಡಿಮೆ. ಮೊನ್ನೆ ಕಡಲೆ ಕೀಳಲು ಹೊಲಕ್ಕೂ ಹೋಗಿಬಂದಳು.

ಗಂಗಾವತಿ ಗುಡ್ಡದ ಗಿಡಗಳನ್ನು ನೋಡಿ ನೀನು ಬರೆದ ಚಿತ್ರಗಳು ಧಾರವಾಡದಲ್ಲಿ ಶಾಲೆಯ ಪುಸ್ತಕವಾಗುತ್ತವೆ ಎಂದು ಓದಿ ಹಿಗ್ಗಿಹೋದೆ. ಆದರೆ ನಿನ್ನ ಭಾವ ಕೊಟ್ರಬಸಪ್ಪನವರು, ‘ಹೆಣ್ಮಕ್ಕಳ ಹೆಸರು ಊರೂರು ತಿರಗೂದು ಛಲೋ ಅಲ್ಲ, ನನ್ನ ಹೆಸರು ಹಾಕಸೂಣು’ ಅಂದರಂತೆ. ಏನು ಮಾಡಲಿ ಎಂದು ಕೇಳಿದ್ದೀಯ. ನಿಮ್ಮವ್ವನಿಗೆ ಓದಿ ಹೇಳಿದೆ. ‘ಬಿಸಲಾಗ ಗುಡ್ಡಾ ಹತ್ತಿದಾಕಿ ನನ್ನ ಮಗಳು. ಅವರ ಹೆಸರ್ಯಾಕ್ರಿ?’ ಅಂದವಳೇ ಒಳಗೆ ಹೋದಳು.

ನನ್ನ ಆಫ್ರಿಕಾದ ಕಥೆ ನಿನಗೆ ಅರ್ಧವೇ ಗೊತ್ತು. ನೀನು ಐದು ವರ್ಷದವಳಿದ್ದಾಗ ಮುಂಬಯಿಯ ನಕ್ಷೆ ಕಚೇರಿಯಿಂದ ಒಬ್ಬ ಇಂಗ್ಲಿಷ್ ದೊರೆಯ ಜೊತೆ ಗಿಡಗಳ ಚಿತ್ರ ಬರೆಯಲು ಕೆನ್ಯಾ ಪರ್ವತಕ್ಕೆ ಹೋದೆ. ಭೂಮಧ್ಯರೇಖೆಯ ನಾಡು, ನೆತ್ತಿಯ ಮೇಲೆ ಸೂರ್ಯ, ಗುಡ್ಡದ ತಲೆಯ ಮೇಲೆ ಹಿಮ! ಅಲ್ಲಿನ ಗಿಡಗಳು ಆಳಿಗಿಂತ ಎತ್ತರ, ದೊಡ್ಡ ಎಲೆಕೋಸು ಹೊತ್ತು ನಿಂತಂತೆ. ರಾತ್ರಿ ಚಳಿ ಏರಿದರೆ ಎಲೆ ಮುಚ್ಚಿಕೊಂಡು ಸುಳಿಯನ್ನು ಕಾಯುತ್ತವೆ. ಬಣ್ಣದ ನೀರು ಬಟ್ಟಲಲ್ಲೇ ಹೆಪ್ಪುಗಟ್ಟುತ್ತಿತ್ತು. ಅಂಗೈ ಶಾಖದಲ್ಲಿ ಕರಗಿಸಿ ಬರೆಯುತ್ತಿದ್ದೆ.

ದಾರಿ ತೋರಿಸಿದವನು ಕರಿಯುಕಿ, ಆ ಸೀಮೆಯವನೇ. ಕೆಳಗಿನ ತೋಟ ತೋರಿಸಿ ಮುರುಕು ಹಿಂದುಸ್ತಾನಿಯಲ್ಲಿ, ‘ಅದು ನಮ್ಮಪ್ಪನ ಹೊಲ. ಬಿಳಿಯರು ಬೇಲಿ ಹಾಕಿಕೊಂಡರು. ಈಗ ಅಲ್ಲೇ ನಾನು ಕೂಲಿ’ ಎಂದಿದ್ದ.

ನಲವತ್ತು ಚಿತ್ರ ಬರೆದೆ. ಲಂಡನ್ನಿನಲ್ಲಿ ಪುಸ್ತಕವಾದಾಗ ಒಂದೊಂದರ ಕೆಳಗೂ ದೊರೆಯ ಹೆಸರಿತ್ತು. ಕೇಳಲು ನನಗೆ ಬಾಯಿ ಬರಲಿಲ್ಲ.

ಬರುವ ಗುರುವಾರದ ಬಸ್ಸಿಗೆ ಬರುತ್ತೇನೆ. ನಿನ್ನ ಭಾವನವರೊಡನೆ ನಾನೇ ಮಾತಾಡುತ್ತೇನೆ. ಅಲ್ಲಿಯವರೆಗೂ ಕಾಯಬೇಡ. ಚಿತ್ರಗಳ ಕೆಳಗೆ ಕಳಕಮ್ಮ ಎಂದು ದಪ್ಪಕ್ಷರದಲ್ಲಿ ಬರೆದು ಈ ಕಾಗದ ಕಂಡ ದಿನವೇ ಧಾರವಾಡಕ್ಕೆ ಅಂಚೆಗೆ ಹಾಕು. ನಿನ್ನ ಕೈ ಹೀಗೇ ಓಡಲಿ, ಮಗಳೇ.

ನಿನ್ನ ಅಪ್ಪ,
ವಿರುಪಣ್ಣ

ತಾ.ಕ.: ಹರಿದು ಹಾಕಿದ ಎರಡೂ ಕಾಗದಗಳಲ್ಲಿ ಇದನ್ನು ಬರೆಯಲಾಗಿರಲಿಲ್ಲ. ಆ ಗಿಡಗಳ ಹೆಸರು, ಗುಣ ಎಲ್ಲ ಹೇಳಿಕೊಟ್ಟವನು ಕರಿಯುಕಿ. ‘ಇಷ್ಟೆಲ್ಲ ನಿನಗೆ ಯಾರು ಹೇಳಿದರು?’ ಎಂದು ದೊರೆ ಕೇಳಿದಾಗ, ‘ನಾನೇ ಕಂಡುಕೊಂಡೆ’ ಎಂದುಬಿಟ್ಟೆ. ಕರಿಯುಕಿ ಪಕ್ಕದಲ್ಲೇ ನಿಂತಿದ್ದ. ನನ್ನ ಬಣ್ಣದ ಪೆಟ್ಟಿಗೆ ಹೊತ್ತು ಮುಂದೆ ನಡೆದ. ನಿನಗೆ ಗುಡ್ಡದ ಗಿಡಗಳ ಗುರುತು ಹೇಳಿದವರು ಯಾರೇ ಇರಲಿ, ಅವರನ್ನು ಕೇಳಿ ಅವರ ಹೆಸರನ್ನೂ ಬರೆ.